ಪತ್ತೇದಾರರ ಮನೆಗೆ ನಾಯಿಯೋ, ಬೆಕ್ಕೋ, ಗಿಣಿಯೋ?

ನಮ್ಮ ಮಾವನವರು ಬ್ಯಾಂಕಿನಿಂದ ನಿವೃತ್ತರಾದ ಮರುದಿನವೇ ಪತ್ತೇದಾರರಾದರು. ಯಾರೂ ಕೇಳಿಕೊಂಡಿರಲಿಲ್ಲ. ಮುಂಬಯಿಯ ಮುಲುಂಡಿನ ನಮ್ಮ ಸೊಸೈಟಿಯಲ್ಲಿ ಎರಡು ವಿಂಗ್, ನಲವತ್ತೆಂಟು ಮನೆ. ಅಷ್ಟು ಮನೆ ಇದ್ದಲ್ಲಿ ಕೇಸುಗಳಿಗೆ ಬರವೇ? ಮೂರನೇ ಮಾಳಿಗೆಯ ಬಾತ್‌ರೂಮಿನ ನೀರು ಎರಡನೇ ಮಾಳಿಗೆಯ ಗೋಡೆಯಲ್ಲಿ ಇಳಿಯುತ್ತದೆ, ಪೈಪು ಯಾರದ್ದು? ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿಯಲ್ಲಿ ಒಂದೇ ಕಾಲಿನದು ಮಾಯ. ಗಣಪತಿ ವರ್ಗಣಿಯ ಲೆಕ್ಕದಲ್ಲಿ ನೂರೈವತ್ತು ರೂಪಾಯಿ ಜಾಸ್ತಿ! ಕಡಿಮೆ ಬಿದ್ದಿದ್ದರೆ ಯಾರೋ ಹಾಕಿ ಮುಗಿಸುತ್ತಿದ್ದರು. ಜಾಸ್ತಿ ಬಂದದ್ದಕ್ಕೆ ಮಾವನಿಗೆ ಮೂರು ರಾತ್ರಿ ನಿದ್ದೆ ಇಲ್ಲ.

ಇಷ್ಟು ವರ್ಷದಲ್ಲಿ ಅವರಿಗೆ ಇಬ್ಬರು ಸಹಾಯಕರು. ಮೊದಲು ನಾಯಿ, ಈಗ ಬೆಕ್ಕು. ಮೊನ್ನೆ ಡೊಂಬಿವ್ಲಿಯಿಂದ ಗೆಳತಿ ಫೋನ್ ಮಾಡಿದ್ದಳು. ಅವಳ ಅಪ್ಪನೂ ನಿವೃತ್ತರು, ಅವರಿಗೂ ಇದೇ ಹುಚ್ಚು. "ಮನೆಗೆ ಒಂದು ಪ್ರಾಣಿ ತರೋಣ ಅಂತಿದ್ದಾರೆ, ಚುರುಕಾಗಿರಬೇಕಂತೆ, ಯಾವುದು ಒಳ್ಳೇದು?" ಅರ್ಧ ಗಂಟೆ ಹೇಳಿದೆ. ಅರ್ಧ ಹೇಳುವುದು ಉಳಿದುಹೋಯಿತು. ಅದೆಲ್ಲ ಇಲ್ಲಿದೆ.

ಪ್ರಾಣಿಯನ್ನು ಆರಿಸುವಾಗ ಎಲ್ಲರೂ "ಬುದ್ಧಿ ಎಷ್ಟಿದೆ?" ಎಂದು ಕೇಳುತ್ತಾರೆ. ಅದು ಅಷ್ಟು ಮುಖ್ಯ ಅಲ್ಲ. ಪ್ರಾಣಿ ಕಳ್ಳನನ್ನು ಹಿಡಿಯುವುದಿಲ್ಲ, ಸಾಕ್ಷಿ ಹೇಳುತ್ತದೆ ಅಷ್ಟೇ. ಹಾಗಾದರೆ ಸಾಕ್ಷಿಗೆ ಕೇಳುವುದನ್ನೇ ಅದಕ್ಕೂ ಕೇಳಬೇಕು. ಅದರ ಕಣ್ಣಿಗೆ, ಮೂಗಿಗೆ, ಕಿವಿಗೆ ಬೀಳುವುದು ಏನು? ಬಿದ್ದದ್ದನ್ನು ನಮಗೆ ಹೇಗೆ ತಿಳಿಸುತ್ತದೆ? ನಮ್ಮನ್ನು ಮೆಚ್ಚಿಸಲು ಸುಳ್ಳು ಹೇಳುತ್ತದೆಯೇ? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ.

ನಾಯಿ

ಎಲ್ಲರ ಮನಸ್ಸಿಗೆ ಮೊದಲು ಬರುವುದು ಇದೇ. ಕನ್ನಡಿಗರಿಗಂತೂ ನಾಯಿಯ ಜೊತೆ ಹಳೆಯ ಋಣ. ಮದ್ದೂರಿನ ಹತ್ತಿರದ ಆತಕೂರಿನಲ್ಲಿ ಸುಮಾರು 949ರ ಒಂದು ವೀರಗಲ್ಲಿತ್ತು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಗಂಗರ ದೊರೆ ಬೂತುಗನ ಬಂಟ ಮಣಲೆರ ಎಂಬಾತ ಯುದ್ಧದಲ್ಲಿ ಮೆರೆದಾಗ ಬಹುಮಾನವಾಗಿ ಕೇಳಿಕೊಂಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಅದು ಕಾಡುಹಂದಿಯ ಜೊತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಮಾವ ನಮ್ಮ ನಾಯಿಗೆ ಅದೇ ಹೆಸರಿಟ್ಟರು. ನಮ್ಮದೋ ತಿಳಿ ಕಂದು ಬಣ್ಣದ್ದು. ಮರಾಠಿಯಲ್ಲಿ ಕಾಳಿ ಎಂದರೆ ಕಪ್ಪು. ಹದಿಮೂರು ವರ್ಷ ಅಕ್ಕಪಕ್ಕದವರು "ಕಂದು ನಾಯಿಗೆ ಕಪ್ಪಿ ಅಂತ ಯಾಕೆ ಕರೀತೀರಿ?" ಎಂದು ಕೇಳುತ್ತಲೇ ಇದ್ದರು. ಮಾವ ಪ್ರತಿ ಸಲವೂ 949ರಿಂದ ಶುರುಮಾಡುತ್ತಿದ್ದರು.

ನಾಯಿಯ ಮೂಗಿನ ಬಗ್ಗೆ ಕೇಳಿದ್ದೆಲ್ಲ ನಿಜ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಐವತ್ತು ಅರವತ್ತು ಲಕ್ಷ ಇದ್ದರೆ ನಾಯಿಗೆ, ತಳಿಗೆ ತಕ್ಕಂತೆ, 30 ಕೋಟಿವರೆಗೂ ಇರುತ್ತವೆ. ಬಿಟ್ಟ ಉಸಿರು ಮೂಗಿನ ಹೊಳ್ಳೆಯ ಪಕ್ಕದ ಸೀಳಿನಿಂದ ಆಚೆ ಹೋಗುತ್ತದೆ. ಹಾಗಾಗಿ ಎದುರಿನ ವಾಸನೆ ಕದಡುವುದಿಲ್ಲ. ಕಾಳಿ ಚಪ್ಪಲಿ ಸ್ಟ್ಯಾಂಡಿನ ಮುಂದೆ ನಿಂತರೆ ನೋಡಬೇಕಿತ್ತು. ಒಂದೊಂದು ಜೊತೆಗೂ ಒಂದೊಂದು ಲೆಕ್ಕ. ವಾಚ್‌ಮನ್ ಚಪ್ಪಲಿಗೆ ಒಂದು ಸೆಕೆಂಡು, ಮೀನಿನ ಮನೆಯವರ ಚಪ್ಪಲಿಗೆ ಹತ್ತು ಸೆಕೆಂಡು, ನಮ್ಮದಕ್ಕೆ ಬಾಲ. ಒಂಟಿ ಚಪ್ಪಲಿಗಳ ಕೇಸನ್ನು ಬಗೆಹರಿಸಿದ್ದೂ ಅವಳೇ. ಪಾರ್ಕಿಂಗ್‌ನಲ್ಲಿ ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸಿದ್ದ ಹಳೇ ಸ್ಕೂಟರಿನ ಹತ್ತಿರ ಹೋಗಿ ಕೂತುಬಿಟ್ಟಳು. ಕೆಳಗೆ ಬೀದಿ ನಾಯಿಯ ಮೂರು ಮರಿ, ನಾಲ್ಕು ಚಪ್ಪಲಿ. ಎಲ್ಲವೂ ಎಡಗಾಲಿನವು. ಅದು ಯಾಕೆ ಹಾಗೆ ಎಂದು ಮಾವ ಇನ್ನೂ ಯೋಚಿಸುತ್ತಿದ್ದಾರೆ.

ಮುಂಬಯಿಯವರಿಗೆ ನಾಯಿಯ ಮೂಗಿನ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1993ರ ಬಾಂಬ್ ಸ್ಫೋಟಗಳ ಹೊತ್ತಿಗೆ ಪೊಲೀಸರ ಜೊತೆ ಇದ್ದ ಜಂಜೀರ್ ಎಂಬ ಲ್ಯಾಬ್ರಡಾರ್ ಹುಡುಕಿಕೊಟ್ಟ ಆರ್‌ಡಿಎಕ್ಸ್ 3,329 ಕಿಲೋ. 2000ದಲ್ಲಿ ಅದು ಸತ್ತಾಗ ಪೊಲೀಸ್ ಅಧಿಕಾರಿಗಳು ಹೂವಿನ ಹಾರ ಹಾಕಿ ಕಳಿಸಿಕೊಟ್ಟರು.

ಆದರೆ ಜಂಜೀರ್ ಹಿಂದೆ ತರಬೇತಿ ಇತ್ತು. ನಮ್ಮ ಮನೆಯ ನಾಯಿಯ ಹಿಂದೆ ಇರುವುದು ನಾವು. ಯಡವಟ್ಟಾಗುವುದು ಇಲ್ಲೇ. ನಾಯಿಗೆ ನಮ್ಮ ಮುಖ ಓದುವುದು ಚೆನ್ನಾಗಿ ಗೊತ್ತು. ನಾವು ಯಾರನ್ನು ಅನುಮಾನಿಸುತ್ತಿದ್ದೇವೋ ಅವರ ಬಾಗಿಲ ಮುಂದೆ ನಮ್ಮ ನಡಿಗೆ ನಿಧಾನವಾಗುತ್ತದೆ, ಹಗ್ಗ ಹಿಡಿದ ಕೈ ಬಿಗಿಯಾಗುತ್ತದೆ. ನಾಯಿ ಅಲ್ಲೇ ನಿಂತು ಮೂಸುತ್ತದೆ. ನಾವು "ನೋಡಿದ್ಯಾ, ನಾನು ಹೇಳ್ಲಿಲ್ವಾ" ಅನ್ನುತ್ತೇವೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಇದನ್ನು ಪರೀಕ್ಷೆ ಮಾಡಿದರು. ತರಬೇತಿ ಪಡೆದ 18 ನಾಯಿಗಳು, ಅವನ್ನು ನಡೆಸುವವರು. ವಾಸನೆಯ ವಸ್ತು ಅಡಗಿಸಿಟ್ಟಿದೆ ಎಂದು ನಡೆಸುವವರಿಗೆ ಹೇಳಿದ್ದರು. ನಿಜಕ್ಕೂ ಎಲ್ಲಿಯೂ ಏನೂ ಇಟ್ಟಿರಲಿಲ್ಲ. ಆದರೂ ಹೆಚ್ಚಿನ ಸಲ "ನಾಯಿಗೆ ಸಿಕ್ಕಿತು" ಎಂದೇ ವರದಿ ಬಂತು. ಇದಕ್ಕೂ ಹಿಂದೆ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಕಾಲು ಕುಟ್ಟಿ ಲೆಕ್ಕ ಬಿಡಿಸುತ್ತದೆ ಎಂದು ಜನ ಮುಗಿಬೀಳುತ್ತಿದ್ದರು. 1907ರಲ್ಲಿ ಫುಂಗ್ಸ್ಟ್ ಎಂಬಾತ ಗುಟ್ಟು ಬಿಚ್ಚಿಟ್ಟ. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಎದುರಿನವನ ತಲೆ ಅಲುಗುವುದನ್ನು ಅದು ನೋಡುತ್ತಿತ್ತು.

ನಮ್ಮ ಸುಪ್ರೀಂ ಕೋರ್ಟಿಗೂ ಇದು ಗೊತ್ತು. ಮಹಾರಾಷ್ಟ್ರದಲ್ಲಿ ರೈಲು ಹಳಿ ತಪ್ಪಿಸಿದ ಒಂದು ಪ್ರಕರಣದ 1969ರ ತೀರ್ಪಿನಲ್ಲಿ, ಜಾಡು ಹಿಡಿಯುವ ನಾಯಿಯ ಸಾಕ್ಷ್ಯಕ್ಕೆ ಹೆಚ್ಚು ತೂಕ ಕೊಡಲು ಅದು ಒಪ್ಪಲಿಲ್ಲ. ನಾಯಿ ಕಟಕಟೆಗೆ ಬಂದು ಹೇಳುವಂತಿಲ್ಲ, ಅದರ ಪರವಾಗಿ ಅದನ್ನು ನಡೆಸಿದವರೇ ಹೇಳಬೇಕು ಎನ್ನುವುದು ಒಂದು ಆಕ್ಷೇಪ. ಮಾವ ಈ ತೀರ್ಪನ್ನು ಬಹಳ ಮೆಚ್ಚಿಕೊಂಡಿದ್ದಾರೆ. ಹಾಲಿನ ಪ್ಯಾಕೆಟ್ ಕೇಸು ಆದಮೇಲೆ.

ಆ ಕೇಸು ಹೀಗಿತ್ತು. ಬೆಳಿಗ್ಗೆ ಐದೂವರೆಗೆ ಹಾಲಿನ ಹುಡುಗ ಬಾಗಿಲಿಗೆ ನೇತುಹಾಕಿದ ಚೀಲದಲ್ಲಿ ಎರಡು ಪ್ಯಾಕೆಟ್ ಹಾಕಿ ಹೋಗಬೇಕು. ಒಂದು ವಾರದಲ್ಲಿ ಮೂರು ದಿನ ಚೀಲ ಖಾಲಿ. ಕೇಳಿದರೆ "ಹಾಕಿದ್ದೇನೆ ಕಾಕಾ" ಎಂಬ ಉತ್ತರ. ಮಾವ ರಾತ್ರಿಯೆಲ್ಲ ಯೋಚಿಸಿ 1892ರ ಷೆರ್ಲಾಕ್ ಹೋಮ್ಸ್ ಕಥೆಗೆ ಹೋದರು. ಆ ಕಥೆಯಲ್ಲಿ ರಾತ್ರಿ ನಾಯಿ ಬೊಗಳುವುದಿಲ್ಲ, ಹಾಗಾಗಿ ಬಂದವನು ಅದಕ್ಕೆ ಪರಿಚಯದವನೇ. ನಮ್ಮ ಕಾಳಿಯೂ ಬೊಗಳಿರಲಿಲ್ಲ. ಅಂದಮೇಲೆ? ಕಾಳಿಗೆ ಬಿಸ್ಕತ್ತು ಹಾಕುತ್ತಿದ್ದ ಪಕ್ಕದ ಮನೆಯ ಕಾಲೇಜು ಹುಡುಗ. ಎಂಟು ದಿನ ಆ ಹುಡುಗನ "ನಮಸ್ಕಾರ್ ಅಂಕಲ್"ಗೆ ಮಾವ ತಲೆಯನ್ನೂ ಆಡಿಸಲಿಲ್ಲ.

ಒಂಬತ್ತನೇ ದಿನ ನನ್ನ ಕೈಯಿಂದ ಸ್ಟೀಲ್ ತಾಟು ಜಾರಿ ಅಡುಗೆಮನೆಯ ನೆಲಕ್ಕೆ ಬಿತ್ತು. ಎರಡಡಿ ದೂರದಲ್ಲಿ ಮಲಗಿದ್ದ ಕಾಳಿಯ ಕಿವಿಯೂ ಅಲುಗಲಿಲ್ಲ. ತಾಟು ಸುತ್ತುತ್ತಾ ಸುತ್ತುತ್ತಾ ನಿಂತಿತು. ಅವಳು ಮಲಗಿಯೇ ಇದ್ದಳು. ಮಾವ ಓಡಿ ಬಂದಾಗ ನೆಲ ಅದುರಿ ಎಚ್ಚರವಾಯಿತು. ವಯಸ್ಸಾದ ನಾಯಿಗಳ ಕಿವಿ ಹೀಗೆ ನಿಧಾನವಾಗಿ ಮಂದವಾಗುತ್ತದೆ, ಮನೆಯವರಿಗೆ ಕೊನೆಗೆ ಗೊತ್ತಾಗುತ್ತದೆ. ಹಾಲು? ಹೊಸ ಹುಡುಗ ನಮ್ಮ ಎ ವಿಂಗ್ 302ರ ಹಾಲನ್ನು ವಾರದಲ್ಲಿ ಮೂರು ದಿನ ಬಿ ವಿಂಗ್ 302ಕ್ಕೆ ಹಾಕುತ್ತಿದ್ದ. ಅವರು ಮಗಳು ಜಾಸ್ತಿ ಹೇಳಿದ್ದಾಳೆ ಎಂದುಕೊಂಡು ಪನೀರ್ ಮಾಡಿಕೊಳ್ಳುತ್ತಿದ್ದರು. ನಾಯಿ ಬೊಗಳಲಿಲ್ಲ ಏಕೆಂದರೆ ಯಾರೂ ಬಂದೇ ಇರಲಿಲ್ಲ. ಬಂದಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಮಾವ ಪಕ್ಕದ ಮನೆಗೆ ಒಂದು ಡಬ್ಬಿ ಚಕ್ಕುಲಿ ಕಳಿಸಿದರು. ಯಾಕೆಂದು ಆ ಹುಡುಗನಿಗೆ ಇವತ್ತಿಗೂ ಗೊತ್ತಿಲ್ಲ.

ನಾಯಿ ತರುವವರಿಗೆ ವ್ಯವಹಾರದ ಮಾತು. ಮುಂಬಯಿ ಪಾಲಿಕೆಯ ವ್ಯಾಪ್ತಿಯಲ್ಲಿ ನಾಯಿಗೆ ಲೈಸೆನ್ಸ್ ಬೇಕು, ರೇಬಿಸ್ ಲಸಿಕೆ ಬೇಕೇ ಬೇಕು. ಮಳೆಗಾಲದಲ್ಲಿ ನಿಂತ ನೀರು ತುಳಿಯುವ ಊರಲ್ಲವೇ, ಲೆಪ್ಟೋ (ಇಲಿಜ್ವರ) ಲಸಿಕೆಯನ್ನೂ ಬಿಡಬೇಡಿ. ಸೊಸೈಟಿಯವರು "ನಮ್ಮಲ್ಲಿ ನಾಯಿ ಬೇಡ" ಎಂದು ಠರಾವು ಮಾಡಿದರೆ ಹೆದರಬೇಡಿ. ಬಹುಮತದಿಂದಲೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟಿನಿಂದ ಹೊರಗೆ ಹಾಕುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ದಿನಕ್ಕೆ ಎರಡು ಸಲ ಕೆಳಗೆ ಕರೆದುಕೊಂಡು ಹೋಗಬೇಕು. ಜುಲೈ ಮಳೆಯಲ್ಲೂ. ನಮ್ಮ ಕಡೆ, ನ್ಯಾಷನಲ್ ಪಾರ್ಕಿನ ಅಂಚಿನಲ್ಲಿ, ರಾತ್ರಿ ತಡವಾಗಿ ಹೋಗುವಂತಿಲ್ಲ. ಚಿರತೆಗೆ ನಾಯಿ ಇಷ್ಟ.

ಊರಿನ ಅಭಿಮಾನಕ್ಕೆ ಮುಧೋಳ ನಾಯಿ ತರೋಣ ಎನ್ನುವವರಿದ್ದಾರೆ. ಮಹಾರಾಷ್ಟ್ರದಲ್ಲಿ ಇದನ್ನೇ ಕಾರವಾನಿ ಎನ್ನುತ್ತಾರೆ. ಚೆಂದದ ನಾಯಿ, ಸೇನೆಯೂ 2016ರಲ್ಲಿ ತರಬೇತಿಗೆ ತೆಗೆದುಕೊಂಡಿತು. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ತಳಿ, ಬಯಲಲ್ಲಿ ಓಡಲು ಹುಟ್ಟಿದ್ದು. ಒನ್ ಬಿಎಚ್‌ಕೆಯಲ್ಲಿ ಅದಕ್ಕೆ ಕಾಣಿಸುವುದು ಟಿವಿ ಮಾತ್ರ. ಪಾಪ, ಬೇಡ.

ಬೆಕ್ಕು

ಕಾಳಿ ಹೋದಮೇಲೆ ಒಂದು ವರ್ಷ ಮನೆ ಖಾಲಿ ಇತ್ತು. ಆಮೇಲೆ ಚಿನ್ನು ಬಂದಳು. ಮಾವನಿಗೆ ಮೊದಲು ಅವಳ ಮೇಲೆ ನಂಬಿಕೆ ಇರಲಿಲ್ಲ. "ಕರೆದರೆ ಬರೋದಿಲ್ಲ, ಇದು ಏನು ಕೆಲಸ ಮಾಡೀತು?" ಎನ್ನುತ್ತಿದ್ದರು.

ನನಗೆ ಕೇಳಿದರೆ ಅದೇ ಅವಳ ಯೋಗ್ಯತೆ. ಬೆಕ್ಕಿಗೆ ನಮ್ಮನ್ನು ಮೆಚ್ಚಿಸುವ ಗರಜಿಲ್ಲ. ನಮ್ಮ ಅನುಮಾನ ಯಾರ ಮೇಲಿದೆ ಎಂದು ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ತನಗೆ ಬೇಕಾದ ಕಡೆ ನೋಡುತ್ತದೆ, ಬೇಡದಿದ್ದರೆ ಬೆನ್ನು ತಿರುಗಿಸುತ್ತದೆ. ಅದಕ್ಕೇ ಬೆಕ್ಕಿನ ಸಾಕ್ಷಿಯಲ್ಲಿ ಕಲಬೆರಕೆ ಕಡಿಮೆ.

ಹೂಬತ್ತಿಯ ಕೇಸು ಹೇಳುತ್ತೇನೆ. ಅತ್ತೆ ಪ್ರತಿ ಶನಿವಾರ ಹತ್ತಿ ಹೊಸೆದು ಹೂಬತ್ತಿ ಮಾಡಿ, ತುಪ್ಪದಲ್ಲಿ ಅದ್ದಿ, ದೇವರ ಗೂಡಿನಲ್ಲಿ ಒಂದು ಚಿಕ್ಕ ಬಟ್ಟಲಲ್ಲಿ ಇಡುತ್ತಾರೆ. ವಾರಕ್ಕೆ ಸಾಕಾಗುವಷ್ಟು. ಶ್ರಾವಣದಲ್ಲಿ ಬುಧವಾರಕ್ಕೇ ಮುಗಿಯತೊಡಗಿತು. ಮನೆಗೆ ಬರುವವರು ಯಾರು? ಕೆಲಸದ ಬಾಯಿ. ಹನ್ನೆರಡು ವರ್ಷದಿಂದ ಪಾತ್ರೆ ತೊಳೆಯುತ್ತಾರೆ. "ನಾನೇನೂ ಹೇಳ್ತಾ ಇಲ್ಲಪ್ಪ. ಎಣಿಸಿಟ್ಟಿದ್ದೆ, ಅಷ್ಟೇ" ಎಂದರು ಅತ್ತೆ. ಏನೂ ಹೇಳದೆ ಎಲ್ಲವನ್ನೂ ಹೇಳುವುದು ನಮ್ಮ ಅತ್ತೆಗೆ ಗೊತ್ತು.

ಅದೇ ವಾರ ಚಿನ್ನು ರಾತ್ರಿ ಹನ್ನೊಂದರ ಹೊತ್ತಿಗೆ ಅಡುಗೆಕಟ್ಟೆಯ ಕೆಳಗಿನ ಟ್ರಾಲಿಯ ಮುಂದೆ ಕೂರತೊಡಗಿದಳು. ಮುಂಗಾಲು ಎರಡನ್ನೂ ಎದೆಯ ಕೆಳಗೆ ಮಡಿಸಿ, ಕಿವಿ ಎರಡನ್ನೂ ಬಟ್ಟಲಿನ ಹಾಗೆ ಮುಂದಕ್ಕೆ ತಿರುಗಿಸಿ. ಇಡೀ ಮೈ ಕಲ್ಲು. ಬಾಲದ ತುದಿ ಮಾತ್ರ, ಅದೂ ಒಂದು ಇಂಚು, ಆ ಕಡೆ ಈ ಕಡೆ. ಹಾಲಿನ ಬಟ್ಟಲು ಅಲುಗಿಸಿದರೂ ತಿರುಗಲಿಲ್ಲ. ನಮ್ಮ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ಬೆಕ್ಕಿಗೆ 60,000 ದಾಟಿದ್ದೂ ಕೇಳುತ್ತದೆ, ನಾಯಿಗಿಂತಲೂ ಮೇಲೆ. ಇಲಿಗಳು ತಮ್ಮತಮ್ಮೊಳಗೆ ಮಾತಾಡುವುದು ನಮಗೆ ಕೇಳದ ಆ ದನಿಯಲ್ಲೇ. ನಮಗೆ ಅಡುಗೆಮನೆ ನಿಶ್ಶಬ್ದ. ಅವಳಿಗೆ ಅಲ್ಲೊಂದು ಸಂಸಾರವೇ ನಡೆಯುತ್ತಿತ್ತು.

ಮೂರು ರಾತ್ರಿ ಮಾವ ಪುಸ್ತಕದಲ್ಲಿ ಹೊತ್ತು ಬರೆದರು. ನಾಲ್ಕನೇ ಬೆಳಿಗ್ಗೆ ಟ್ರಾಲಿಯನ್ನು ಹಳಿಯಿಂದ ಎತ್ತಿ ತೆಗೆದೆವು. ಗೋಡೆಯ ಮೂಲೆಯಲ್ಲಿ ಇಲಿಗೂಡು. ಕತ್ತರಿಸಿದ ಪೇಪರು, ರೇಷನ್ ಚೀಲದ ದಾರ, ನಡುವೆ ಬೆಳ್ಳಗೆ ಹದಿನಾಲ್ಕು ಹೂಬತ್ತಿ. ತುಪ್ಪದ ವಾಸನೆಗೆ ಒಯ್ದಿತ್ತು. ಬಾಯಿ ಅಲ್ಲೇ ನಿಂತು ನೋಡಿದರು, ಏನೂ ಹೇಳಲಿಲ್ಲ. ಅತ್ತೆ ಹೋಗಿ ಅವರಿಗೆ ಚಹಾ ಇಟ್ಟರು, ಶುಂಠಿ ಜಜ್ಜಿ ಹಾಕಿ. ಅಂದಹಾಗೆ ಇಲಿಯನ್ನು ಹಿಡಿದದ್ದು ಬೋನು. ಚಿನ್ನು ಆಗ ನಿದ್ದೆ ಮಾಡುತ್ತಿದ್ದಳು.

ಬೆಕ್ಕಿನ ತೊಂದರೆಯೂ ಇದೇ. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ನಿದ್ದೆ. ತನಗೆ ಆಸಕ್ತಿ ಇಲ್ಲದ ಅಪರಾಧ ಅದರ ಮಟ್ಟಿಗೆ ನಡೆದೇ ಇಲ್ಲ. ಕದ್ದ ಜಾಗಕ್ಕೆ ಕರೆದುಕೊಂಡು ಹೋಗಲು ಆಗುವುದಿಲ್ಲ. ಹಾಗಾಗಿ ಬಿ ವಿಂಗ್‌ನ ಕೇಸಿಗೆ ಚಿನ್ನು ದಂಡ. ಮನೆಗೆ ಹೊಸಬರು ಬಂದರೆ ಮಂಚದ ಕೆಳಗೆ. ಆದರೆ ಯಾರು ಬಂದಾಗ ಅಡಗುತ್ತದೆ, ಎಷ್ಟು ಹೊತ್ತಿಗೆ ಹೊರಗೆ ಬರುತ್ತದೆ ಎನ್ನುವುದನ್ನು ಗಮನಿಸಿದರೆ ಅಲ್ಲೂ ಸ್ವಲ್ಪ ಮಾಹಿತಿ ಇದೆ. ಕಿಟಕಿ, ಗ್ಯಾಲರಿಗೆಲ್ಲ ಗಟ್ಟಿ ಜಾಲರಿ ಹಾಕಿಸಿಯೇ ಬೆಕ್ಕು ತರಬೇಕು. ಪಾರಿವಾಳಕ್ಕೆಂದು ಕಟ್ಟಿದ ನೈಲಾನ್ ಬಲೆಯನ್ನು ಅದು ಕಚ್ಚಿ ಹರಿದುಬಿಡಬಹುದು.

ಗಿಣಿ

ಬೇಡ. ಇಷ್ಟರಲ್ಲೇ ಮುಗಿಸಬಹುದಿತ್ತು, ಆದರೆ ಗೆಳತಿಯ ಅಪ್ಪನಿಗೆ ಇದೇ ಜಾಸ್ತಿ ಇಷ್ಟವಂತೆ. ನಮ್ಮ ಹಸಿರು ಗಿಣಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಪತ್ತೇದಾರರ ಮನೆಯಲ್ಲೇ ಅಪರಾಧ ನಡೆದರೆ ಹೇಗೆ? ಆಫ್ರಿಕಾದ ಬೂದು ಗಿಣಿಯಂಥ ವಿದೇಶಿ ಪಕ್ಷಿಗೆ 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಬುದ್ಧಿಯೇನೋ ಇದೆ. ಐರೀನ್ ಪೆಪರ್‌ಬರ್ಗ್ ಎಂಬ ವಿಜ್ಞಾನಿ 1977ರಿಂದ 2007ರವರೆಗೆ ಪಳಗಿಸಿದ ಅಲೆಕ್ಸ್ ಎಂಬ ಬೂದು ಗಿಣಿ ನೂರಕ್ಕೂ ಹೆಚ್ಚು ಪದ ಕಲಿತಿತ್ತು, ಬಣ್ಣ, ಆಕಾರ ಹೇಳುತ್ತಿತ್ತು. ಅದರ ಹಿಂದೆ ಮೂವತ್ತು ವರ್ಷದ ದಿನನಿತ್ಯದ ದುಡಿಮೆ ಇತ್ತು. ನಮ್ಮ ಮನೆಯಲ್ಲಿ ಅದು ಕಲಿಯುವುದು ಕುಕ್ಕರ್ ಸೀಟಿ ಮತ್ತು ಅತ್ತೆಯ "ನಾನೇನೂ ಹೇಳ್ತಾ ಇಲ್ಲಪ್ಪ".

ಸಾಕ್ಷಿಯಾಗಿ ಗಿಣಿಯ ದೋಷ ಇನ್ನೊಂದು. ಕೇಳಿದ ಮಾತನ್ನು ಹೇಳುತ್ತದೆ, ಯಾರು ಯಾವಾಗ ಹೇಳಿದ್ದು ಎಂದು ಹೇಳುವುದಿಲ್ಲ. ನಿನ್ನೆಯ ಜಗಳವೋ, ಹೋದ ವರ್ಷದ ಧಾರಾವಾಹಿಯ ಜಗಳವೋ? ಗಿಣಿಪಾಠ ಎಂಬ ಮಾತು ಸುಮ್ನೆ ಹುಟ್ಟಿದ್ದಲ್ಲ.

ಸಾಕದೆ ಬರುವವರು

ಖರ್ಚಿಲ್ಲದ ಸಹಾಯಕ ಬೇಕಾದರೆ ಗ್ಯಾಲರಿಯ ಕಾಗೆ ಇದೆ. ಸಾಕಬೇಡಿ, ಸಾಕುವಂತೆಯೂ ಇಲ್ಲ. ಅದಾಗಿಯೇ ಬರುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮುಖವಾಡ ಹಾಕಿಕೊಂಡು ಕಾಗೆ ಹಿಡಿದು ಬಿಟ್ಟರು. ವರ್ಷಗಳಾದ ಮೇಲೂ ಆ ಮುಖವಾಡ ಕಂಡರೆ ಕಾಗೆಗಳು ಬೈಯುತ್ತಿದ್ದವು, ಹಿಡಿಸಿಕೊಳ್ಳದ ಕಾಗೆಗಳೂ ಸೇರಿ. ನಮ್ಮ ಕಾಗೆ ಬೇರೆ ಜಾತಿಯದು, ಆದರೂ ಮಾವ ಊಟಕ್ಕೆ ಮೊದಲು ಅನ್ನ ಇಡುವಾಗ ಬರುವ ಮೂರು ಕಾಗೆಗಳು ನಾನು ಇಟ್ಟರೆ ಪಕ್ಕದ ಗ್ರಿಲ್ ಮೇಲೆ ಕೂತು ಯೋಚಿಸುತ್ತವೆ. ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಎನ್ನುತ್ತೇವಲ್ಲ, ಅದರಲ್ಲಿ ಸ್ವಲ್ಪ ಅರ್ಥ ಇದೆ. ಅಪರಿಚಿತರು, ಬೆಕ್ಕು, ಗೂಬೆ ಏನು ಬಂದರೂ ಇಡೀ ಕಾಂಪೌಂಡಿಗೆ ಗೊತ್ತು ಮಾಡುತ್ತದೆ. ಯಾವುದಕ್ಕೆ ಕೂಗಿತು ಎಂದು ಮಾತ್ರ ನಾವೇ ಎದ್ದು ನೋಡಬೇಕು.

ಮೀನಿನ ತೊಟ್ಟಿ ಕಣ್ಣಿಗೆ ತಂಪು, ಕೇಸಿಗೆ ಪ್ರಯೋಜನ ಇಲ್ಲ. ಮೊಲವೂ ಅಷ್ಟೇ. ಇನ್ನು ನಮ್ಮ ಅತ್ತೆಯ ಪ್ರಕಾರ ಮನೆಯಲ್ಲಿ ಈಗಾಗಲೇ ಒಂದು ಸುಳ್ಳು ಹಿಡಿಯುವ ಯಂತ್ರ ಇದೆ. ಟ್ಯೂಬ್‌ಲೈಟ್ ಹಿಂದಿನ ಹಲ್ಲಿ. ಮಾತಿನ ನಡುವೆ ಅದು ಲೊಚಗುಟ್ಟಿದರೆ ಹೇಳಿದ್ದು ಸತ್ಯ. ಹಾಲಿನ ಕೇಸಿನಲ್ಲಿ ಮಾವ ಪಕ್ಕದ ಮನೆ ಹುಡುಗನ ಹೆಸರು ಹೇಳಿದಾಗಲೂ ಲೊಚಗುಟ್ಟಿತ್ತು ಎಂದು ನಾನು ನೆನಪಿಸಿದೆ. ಅದು ಬೇರೆ ಹಲ್ಲಿ ಎಂದರು.

ಹಾಗಾದರೆ ಯಾವುದು?

ಗೆಳತಿಯ ಅಪ್ಪನ ಕೇಸುಗಳು ಮೆಟ್ಟಿಲು, ಪಾರ್ಕಿಂಗ್, ಕಾಂಪೌಂಡ್‌ನಲ್ಲಿ ನಡೆಯುವಂಥವು. ಅವರ ಮಂಡಿಯೂ ಗಟ್ಟಿ ಇದೆ. ಅವರಿಗೆ ನಾಯಿಯೇ ಸರಿ. ದುಡ್ಡು ಕೊಟ್ಟು ತಳಿ ನಾಯಿ ಬೇಡ, ಎರಡು ವರ್ಷ ದಾಟಿದ ಬೀದಿ ನಾಯಿಯನ್ನು ದತ್ತು ತೆಗೆದುಕೊಳ್ಳಲಿ. ಈ ಹವೆ ಅದಕ್ಕೆ ಒಗ್ಗಿರುತ್ತದೆ, ಸ್ವಭಾವ ಏನೆಂದು ಮೊದಲೇ ಗೊತ್ತಿರುತ್ತದೆ. ಮರಿ ತಂದರೆ ಮೊದಲ ಆರು ತಿಂಗಳು ಅದು ಸಾಕ್ಷ್ಯವನ್ನೇ ತಿಂದುಹಾಕುತ್ತದೆ. ಒಂದು ಷರತ್ತು. ಅನುಮಾನ ಇರುವವರು ಹಗ್ಗ ಹಿಡಿಯಬಾರದು. ಕೇಸಿನ ವಿಷಯ ಗೊತ್ತಿಲ್ಲದ ಮೊಮ್ಮಗನ ಕೈಗೆ ಕೊಟ್ಟು, ಅಪ್ಪ ಹತ್ತು ಹೆಜ್ಜೆ ಹಿಂದೆ ನಡೆಯಲಿ. ವರ್ಷಕ್ಕೊಂದು ಸಲ ಡಾಕ್ಟರ ಹತ್ತಿರ ಕಿವಿಯನ್ನೂ ತೋರಿಸಲಿ.

ಮಳೆಗಾಲದಲ್ಲಿ ಕೆಳಗಿಳಿಯುವವರು ಯಾರೂ ಇಲ್ಲದ ಮನೆಗೆ, ಮನೆಯೊಳಗಿನ ಕೇಸುಗಳೇ ಜಾಸ್ತಿ ಇರುವ ಮನೆಗೆ ಬೆಕ್ಕು. ಮುಂಬಯಿಯ ಹೆಚ್ಚಿನ ಮನೆಗಳು ಇಂಥವೇ, ನನ್ನ ಓಟು ಬೆಕ್ಕಿಗೇ.

ಯಾವುದು ತಂದರೂ ಜೊತೆಗೆ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಮಗುವನ್ನು ಕಾಪಾಡಿದ ಮುಂಗುಸಿಯ ಬಾಯಲ್ಲಿ ರಕ್ತ ಕಂಡು ಅದನ್ನೇ ಹೊಡೆದು ಕೊಂದ ತಾಯಿಯ ಕಥೆ ಚಿಕ್ಕಂದಿನಲ್ಲಿ ಎಲ್ಲರೂ ಕೇಳಿದವರೇ. ಮುಂಗುಸಿ ಸುಳ್ಳು ಹೇಳಿರಲಿಲ್ಲ, ಓದಿದವಳು ತಪ್ಪು ಓದಿದಳು. ಮಾವ ಈಗ ತೀರ್ಮಾನ ಬರೆಯುವುದಿಲ್ಲ, ಕಂಡದ್ದನ್ನು ಮಾತ್ರ ಬರೆಯುತ್ತಾರೆ. ಹೊತ್ತು, ಜಾಗ, ಕಿವಿ, ಬಾಲ. ನಾಲ್ಕೇ ಕಲಂ. ಬ್ಯಾಂಕಿನ ಲೆಡ್ಜರ್ ಹಾಗೆ ಕೆಂಪು ಗೆರೆ ಎಳೆದಿದ್ದಾರೆ.

ನಿನ್ನೆಯ ಪುಟ ನೋಡಿದೆ. "ರಾತ್ರಿ 11.10. ಫ್ರಿಜ್ ಹಿಂದೆ. ಕಿವಿ ಎರಡೂ ಮುಂದೆ. ಬಾಲದ ತುದಿ ಮಾತ್ರ." ಅದರ ಕೆಳಗೆ ಪೆನ್ಸಿಲಿನಲ್ಲಿ, "ಭಾನುವಾರ ಫ್ರಿಜ್ ಸರಿಸಬೇಕು." ಯಾರು ಸರಿಸಬೇಕು ಎಂದು ಬರೆದಿಲ್ಲ. ಅದನ್ನು ಪತ್ತೆ ಮಾಡಲು ನನಗೆ ಯಾವ ಪ್ರಾಣಿಯ ಸಹಾಯವೂ ಬೇಕಾಗಿಲ್ಲ.